ಬ್ರೇಕ್ ಮತ್ತು ಒಂದು ಕಿವಿ

ಕೀನ್ಯಾದ ನೈವಾಶಾ ಸರೋವರದ ಬಳಿಯ ಹೆಲ್ಸ್ ಗೇಟ್ ಉದ್ಯಾನದಲ್ಲಿ ಸೈಕಲ್ ತುಳಿಯಬಹುದು, ನಡೆಯಲೂಬಹುದು. ನನಗೆ ಸಿಕ್ಕ ಬಾಡಿಗೆ ಸೈಕಲ್ಲಿನ ಬ್ರೇಕ್ ಹಿಡಿಯುವುದಕ್ಕಿಂತ ಕಿರುಚುವುದೇ ಹೆಚ್ಚು.

ಫಿಶರ್ಸ್ ಟವರ್ ಬಂಡೆ ದಾಟಿದ ಮೇಲೆ, ದಾರಿಯ ಅಂಚಿನಲ್ಲಿ ಒಂದು ಜೀಬ್ರಾ.

ಬ್ರೇಕ್ ಹಿಡಿದೆ. ಕೀಂ!

ಅದು ತಲೆ ಎತ್ತಲಿಲ್ಲ. ಒಂದು ಕಿವಿ ಮಾತ್ರ ನನ್ನ ಕಡೆ ತಿರುಗಿತು, ಓದಿನಲ್ಲಿ ಮುಳುಗಿದ ಅಜ್ಜ "ಹೂಂ" ಎಂದ ಹಾಗೆ. ಹುಲ್ಲು ಕಿತ್ತು ಅಗಿಯುವ ಕರಕರ ಸದ್ದು ಇಷ್ಟು ಹತ್ತಿರದಿಂದ ಕೇಳಿದ್ದು ಇದೇ ಮೊದಲು. ಜೀಪಿನಲ್ಲಿದ್ದರೆ ಎಂಜಿನ್ ಅದನ್ನು ನುಂಗಿಬಿಡುತ್ತಿತ್ತು.

ನಡುವೆ ಗಾಜಿಲ್ಲದಿದ್ದರೆ ನಾವೂ ಎಷ್ಟು ಸಭ್ಯರಾಗುತ್ತೇವೆ! ಇಳಿದು, ಸೈಕಲ್ ತಳ್ಳಿಕೊಂಡು, ಬಳಸಿ ಹೋದೆ.

ಇಲ್ಲಿ ಕಾಡೆಮ್ಮೆಗಳೂ ಇವೆ. ಅವುಗಳ ಮುಂದೆ ಈ ಬ್ರೇಕ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕು.