ಗಾಳಿಯಲ್ಲಿ ನಿಂತ ತಲೆ

ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಫೋನಿನಲ್ಲಿ ಚಿತ್ರಗಳನ್ನು ನೋಡುತ್ತಿದ್ದವನು ಫ್ರೆಂಚ್ ಚಿತ್ರಕಾರ ಗುಸ್ತಾವ್ ಮೊರೋ ಬರೆದ ಸಲೋಮೆಯ ಚಿತ್ರದ ಮುಂದೆ ನಿಂತುಬಿಟ್ಟೆ. 1876ರಲ್ಲಿ ಪ್ಯಾರಿಸ್‌ನ ಸಲೋನ್ ಎಂಬ ಕಲಾ ಪ್ರದರ್ಶನದಲ್ಲಿ ಇಟ್ಟಿದ್ದ ಜಲವರ್ಣ ಅದು.

ಬೈಬಲ್ ಕಥೆಯಲ್ಲಿ ಅರಸ ಹೆರೋದನ ಮುಂದೆ ಕುಣಿದ ಹುಡುಗಿ ಬಹುಮಾನವಾಗಿ ಪ್ರವಾದಿ ಸ್ನಾನಿಕ ಯೋಹಾನನ ತಲೆ ಕೇಳುತ್ತಾಳೆ, ಅದು ತಟ್ಟೆಯಲ್ಲಿ ಬರುತ್ತದೆ. ಸಲೋಮೆ ಅಂದ್ರೆ ಆ ಹುಡುಗಿಯೇ, ಆದರೆ ಅಲ್ಲಿ ಅವಳಿಗೆ ಹೆಸರೂ ಇಲ್ಲ, ಹೆರೋದನ ಹೆಂಡತಿ ಹೆರೋದ್ಯಳ ಮಗಳು ಅಷ್ಟೇ. ಮೊರೋ ತಟ್ಟೆಯನ್ನೇ ತೆಗೆದುಹಾಕಿದ್ದಾನೆ. ತಲೆ ಗಾಳಿಯಲ್ಲಿ ನಿಂತಿದೆ. ಸುತ್ತ ಬೆಳಕು, ಕೆಳಗೆ ಸುರಿಯುವ ರಕ್ತ. ಮೈತುಂಬ ಒಡವೆ ಹೇರಿಕೊಂಡ ಸಲೋಮೆ ಅದರತ್ತ ಕೈ ಚಾಚಿದ್ದಾಳೆ. ವಿಚಿತ್ರ ಅಂದ್ರೆ, ಸಿಂಹಾಸನದ ಮೇಲಿನ ಹೆರೋದನಿಗಾಗಲಿ, ಕತ್ತಿ ಹಿಡಿದವನಿಗಾಗಲಿ ಅದು ಕಂಡ ಹಾಗೇ ಇಲ್ಲ. ಅವಳಿಗೆ ಮಾತ್ರ ಕಾಣುತ್ತಿದೆ, ಅಲ್ವಾ? ಬೇಕು ಅಂತ ಕೇಳಿದ್ದೂ ಅವಳೇ. ಆ ಕೈ ಬೆದರಿಸುತ್ತಿದೆಯೋ ಬೇಡುತ್ತಿದೆಯೋ, ನನಗಂತೂ ಇನ್ನೂ ತಿಳಿದಿಲ್ಲ.

ಇದೇ ಮೊರೋ ಮುಂದೆ ಮತೀಸ್, ರುವೋ ಎಂಬ ಚಿತ್ರಕಾರರಿಗೆ ಮೇಷ್ಟ್ರಾದ. ಅವನ ಪ್ಯಾರಿಸ್ ಮನೆಯೇ ಈಗ ಮ್ಯೂಸಿಯಂ. ಅಲ್ಲಿ ಇದೇ ದೃಶ್ಯದ ತೈಲಚಿತ್ರವೂ ಇದೆ. ಅದರ ಕಂಬ, ಗೋಡೆಗಳ ಮೇಲೆಲ್ಲ ರಂಗೋಲಿ ಎಳೆಯಂಥ ಬಿಳಿ ಗೆರೆಗಳು. ಝೂಮ್ ಮಾಡಿ ನೋಡುತ್ತಾ ಕೂತೆ. ಗಂಟೆ ಎರಡಾಗಿತ್ತು.