ಮಧೂರಿಗೆ ಹೇಳಿಕೊಂಡ ಸಹಸ್ರಾಪ್ಪ

ಹೇಳಿಕೊಂಡ ಕಾರ್ಯ ಆಗದೇ ಹೋದರೂ ಹರಕೆ ತೀರಿಸಬೇಕಾ? ಹಿರಿಯರನ್ನು ಕೇಳಿದರೆ ಒಬ್ಬೊಬ್ಬರದ್ದು ಒಂದೊಂದು ಉತ್ತರ. ನಮ್ಮವರು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಕಾಸರಗೋಡಿನ ಹತ್ತಿರದ ಮಧೂರು ಗಣಪತಿಗೆ ಸಹಸ್ರಾಪ್ಪ, ಅಂದರೆ ಸಾವಿರ ಸಿಹಿ ಅಪ್ಪದ ಸೇವೆ, ಹೇಳಿಕೊಂಡಿದ್ದೆ. ಎದ್ದು ಮನೆಗೆ ಬಂದರೆ ಸಾಕು ಅಂತ. ಅವರು ಬರಲಿಲ್ಲ. ವರ್ಷಾಂತಿಕ ಕಳೆದ ಮೇಲೆ ಭಾವ, "ಇನ್ನೆಂತ ಹರಕೆ? ಅದು ಅಲ್ಲಿಗೇ ಮುಗಿಯಿತು" ಅಂದರು. ನನಗೆ ಹಾಗೆ ಬಿಡಲು ಮನಸ್ಸು ಬರಲಿಲ್ಲ. ಭಕ್ತಿ ಜಾಸ್ತಿ ಅಂತಲ್ಲ. ಅವರ ಜೊತೆ ಅಷ್ಟು ವರ್ಷ ಬಾಳಿ ಬಂದ ಬುದ್ಧಿ ಅದು.

ಇವರದ್ದು ಮರದ ಕೆಲಸ. ದಾರಂದ, ಬಾಗಿಲು, ಊಟದ ಮಣೆ, ಭತ್ತ ತುಂಬುವ ಪತ್ತಾಯ, ಎಲ್ಲ ಮಾಡುತ್ತಿದ್ದರು. ಹಲಸಿನ ಮರ ಅಂದರೆ ಪ್ರಾಣ. ಉಳಿ ತಾಗಿದಾಗ ಅರಶಿನ ಬಣ್ಣ, ವರ್ಷ ಹೋದ ಹಾಗೆ ಕಂದು. ಹೊಸ ಬಾಗಿಲು ಒಪ್ಪಿಸುವಾಗ "ಇದರ ಚಂದ ಈಗ ಅಲ್ಲ, ನಿಮ್ಮ ಮಗಳ ಮದುವೆ ಹೊತ್ತಿಗೆ ನೋಡಿ" ಅನ್ನುತ್ತಿದ್ದರು. ಒಮ್ಮೆ ಒಂದು ಮನೆಯವರು ಅರ್ಧ ಹಣ ಕೊಟ್ಟು ಸುಮ್ಮನಾದರು. ಕೆಲಸ ನಿಲ್ಲಿಸಿ ಅಂತ ನಾನು ಹೇಳಿದೆ. "ಮಾತು ತಪ್ಪಿದ್ದು ಅವರು. ಮರ ಎಂತ ಮಾಡಿದೆ?" ಅಂತ ಮತ್ತೆ ಕೀಸುಳಿ ಹಿಡಿದರು. ಬಾಗಿಲು ಮುಗಿಸಿ ಕೂರಿಸಿಯೂ ಬಂದರು. ಮಕ್ಕಳ ಫೀಸು ಕಟ್ಟಲಿಕ್ಕಿದ್ದ ತಿಂಗಳು ಅದು. ಎರಡು ದಿನ ನಾನು ಅವರ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಮಗ ಚಿಕ್ಕವನಿದ್ದಾಗ ಒಳ್ಳೆಯ ಹಲಗೆಗಳ ಮೇಲೆಲ್ಲ ಪೆನ್ಸಿಲಿನಲ್ಲಿ ಗೀಚಿ ಇಡುತ್ತಿದ್ದ. ನಾನು ಗದರಿದರೆ, "ಬಿಡು ಮಾರಾಯ್ತಿ, ಮಧೂರಲ್ಲೂ ಹೀಗೇ ಶುರುವಾದ್ದು" ಅಂತ ನಗುತ್ತಿದ್ದರು. ಆ ಕತೆ ನಮ್ಮ ಕಡೆಯವರಿಗೆಲ್ಲ ಗೊತ್ತು. ಮಧೂರಿನಲ್ಲಿ ಮೂಲ ದೇವರು ಮದನಂತೇಶ್ವರ. ಮದರು ಎಂಬ ಹೆಂಗಸಿಗೆ ಸಿಕ್ಕಿದ ಶಿವಲಿಂಗ. ಗಣಪತಿಯನ್ನು ಯಾರೂ ಪ್ರತಿಷ್ಠೆ ಮಾಡಲಿಲ್ಲ. ಪೂಜೆಯವರ ಮನೆಯ ಹುಡುಗ ಆಟಕ್ಕೆ ಗರ್ಭಗುಡಿಯ ತೆಂಕಣ ಗೋಡೆಯಲ್ಲಿ ಗಣಪತಿಯ ಚಿತ್ರ ಬರೆದನಂತೆ, ಅದು ದಿನದಿಂದ ದಿನಕ್ಕೆ ದಪ್ಪವಾಗುತ್ತಾ ಹೋಯಿತಂತೆ. ಈಗ ಜನ ಜಾಸ್ತಿ ಬರುವುದು ಆ ಗಣಪತಿಗಾಗಿಯೇ.

ಇವರ ಜೊತೆ ಮಧೂರಿಗೆ ಹೋದರೆ ಅರ್ಧ ದಿನ ಬೇಕು. ಕಾಸರಗೋಡು ಪೇಟೆಯಿಂದ ಏನು ಮಹಾ ದೂರ ಅಲ್ಲ, ಏಳೆಂಟು ಕಿಲೋಮೀಟರ್. ಕೈಮುಗಿಯುವುದೂ ಬೇಗ ಮುಗಿಯುತ್ತಿತ್ತು. ಆಮೇಲೆ ಕತ್ತು ಮೇಲೆತ್ತಿದರೆ ಇಳಿಸುವ ಮಾತಿಲ್ಲ. ಗುಡಿಯದ್ದು ಮೂರು ಅಂತಸ್ತಿನ ಮಾಡು, ಮೇಲಿನ ಎರಡಕ್ಕೆ ತಾಮ್ರದ ಹೊದಿಕೆ. ಹಿಂಬದಿ ಆನೆಯ ಬೆನ್ನಿನ ಹಾಗೆ ದುಂಡು, ಅದಕ್ಕೇ ಗಜಪೃಷ್ಠ ಅನ್ನುತ್ತಾರೆ. ನೇರ ಮಾಡಿಗಾದರೆ ಒಂದು ಪಕ್ಕಾಸಿನ, ಅಂದರೆ ಮಾಡು ಹೊರುವ ಓರೆ ಮರದ, ಅಳತೆ ಸಿಕ್ಕಿದರೆ ಸಾಕು, ಉಳಿದದ್ದಕ್ಕೂ ಅದೇ. ದುಂಡು ಬಂದಲ್ಲಿ ಹಾಗಲ್ಲ. ಕೆಳಗೆ ಅಗಲವಾಗಿ ಹರಡಿದ ಪಕ್ಕಾಸುಗಳ ತುದಿಗಳೆಲ್ಲ ಮೇಲೆ ಒಂದೇ ಕಡೆ ಬಂದು ಸೇರಬೇಕು. ಒಂದರ ಓರೆ ಕೂದಲೆಳೆಯಷ್ಟು ತಪ್ಪಿದರೂ ಪಕ್ಕದ್ದು ಕೂರುವುದಿಲ್ಲ. ಇದನ್ನು ಅವರು ಪ್ರತಿಸಲ ವಿವರಿಸುತ್ತಿದ್ದರು. ನಾನು ಪ್ರತಿಸಲ ಹೂಂ ಅನ್ನುತ್ತಿದ್ದೆ. ಒಳಗೆ ಮರದಲ್ಲಿ ಕೆತ್ತಿದ ಪುರಾಣದ ಚಿತ್ರಗಳನ್ನು ನೋಡುತ್ತಾ ನಿಂತರೆ ಹಿಂದಿನ ಸಾಲಿನವರು ದೂಡುತ್ತಿದ್ದರು. "ದೇವರು ಕೆಳಗಿದ್ದಾನೆ, ನೀವು ಮೇಲೆ ಎಂತ ನೋಡುವುದು?" ಅಂತ ನಾನೂ ರೇಗಿದ್ದುಂಟು. ಮಳೆಗಾಲದಲ್ಲಿ ಗುಡಿಯೆದುರಿನ ಮಧುವಾಹಿನಿ ಹೊಳೆ ಉಕ್ಕಿ ಅಂಗಳಕ್ಕೆ ನೀರು ಬಂದ ಸುದ್ದಿ ಕೇಳಿದರೆ ಇವರಿಗೆ ಮರದ್ದೇ ಚಿಂತೆ.

1992ರಲ್ಲಿ ಮೂಡಪ್ಪ ಸೇವೆ ಆದಾಗ ನಮ್ಮದು ಹೊಸ ಸಂಸಾರ. ಗಣಪತಿಯ ಸುತ್ತ ಅಪ್ಪ ರಾಶಿ ಹಾಕಿ ವಿಗ್ರಹವನ್ನೇ ಮುಚ್ಚುವ ಸೇವೆ ಅದು. ಆ ಜನಜಂಗುಳಿಯಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದು ನಡೆದಿದ್ದರು. ಹಗಲು ಹೊತ್ತಿನಲ್ಲಿ, ಎಲ್ಲರ ಎದುರು. ಆಮೇಲೆ ಯಾವತ್ತೂ ಹಾಗೆ ಹಿಡಿದವರಲ್ಲ. ಮುಂದಿನ ಮೂಡಪ್ಪಕ್ಕೆ ಮೊಮ್ಮಕ್ಕಳನ್ನು ಕರಕೊಂಡು ಹೋಗುವ ಅನ್ನುತ್ತಿದ್ದರು. ಅದು ಬಂದದ್ದು 33 ವರ್ಷ ಕಳೆದು, 2025ರಲ್ಲಿ. ಜೀರ್ಣೋದ್ಧಾರ ಆಗಿ, ಬ್ರಹ್ಮಕಲಶದ ಜೊತೆಗೆ. ಮಗ, ಮಗಳು, ಮೊಮ್ಮಗು ಎಲ್ಲ ಹೋದೆವು. ಮಗ ಸಾಲಿನಲ್ಲಿ ನಿಂತುಕೊಂಡೇ ಕತ್ತೆತ್ತಿದ. ಅವನದ್ದು ಅಲ್ಯುಮಿನಿಯಂ ಕೆಲಸ, ಮರ ಮುಟ್ಟುವವನಲ್ಲ. ಹಿಂದಿನವರು ಅವನನ್ನೂ ದೂಡಿದರು.

ಸಹಸ್ರಾಪ್ಪ ಮಾಡಿಸಿದ್ದು ಆ ಗದ್ದಲವೆಲ್ಲ ಮುಗಿದ ಮೇಲೆ. ರಶೀದಿ ಬರೆಯುವವರು ಯಾರ ಹೆಸರಿನಲ್ಲಿ ಅಂತ ಕೇಳಿದರು. ಒಂದು ಕ್ಷಣ ಇವರ ಹೆಸರು ಬಾಯಿಗೆ ಬಂತು, ನಕ್ಷತ್ರ ಸಮೇತ. ತಡೆದು ಮಗನ ಹೆಸರು ಹೇಳಿದೆ. ಪೂಜೆ ಹೊತ್ತಿಗೆ ಮಂತ್ರ ಏನೂ ನೆನಪಾಗಲಿಲ್ಲ. ಗಣಪತಿಗೆ ನೇರವಾಗಿಯೇ ಹೇಳಿದೆ, ನಾನು ಕೇಳಿದ್ದನ್ನು ನೀನು ಕೊಡಲಿಲ್ಲ, ಆದರೂ ಅಪ್ಪ ತಂದಿದ್ದೇನೆ, ತಿನ್ನು. ದೇವರ ಹತ್ತಿರ ಹೀಗೆಲ್ಲ ಮಾತಾಡಬಹುದಾ ಅಂತ ಕೇಳಬೇಡಿ. ಮನೆಯವರ ಹತ್ತಿರವೇ ಅಲ್ವಾ ಜಗಳ ಆಡುವುದು?

ಸೇವೆಯ ಅಪ್ಪವೆಲ್ಲ ನಮಗೇ ಸಿಗುತ್ತದೆ. ಬುಟ್ಟಿಗಳನ್ನು ತಂದು ಚಾವಡಿಯಲ್ಲಿಟ್ಟಾಗ ಮನೆಯೆಲ್ಲ ತುಪ್ಪದ ಪರಿಮಳ. ಯಾರಿಗೆಲ್ಲ ಕೊಡುವುದು ಅಂತ ಪಟ್ಟಿ ಮಾಡಲು ಕೂತರೆ ಅದು ಇವರ ಕೆಲಸದ ಪಟ್ಟಿಯೇ ಆಯಿತು. ಪತ್ತಾಯ ಮಾಡಿಸಿದವರು, ಭೂತಸ್ಥಾನದ ಬಾಗಿಲು ಮಾಡಿಸಿದವರು, ಮಗಳಿಗೆ ಅಂತ ಮಾಡಿದ ತೊಟ್ಟಿಲನ್ನು ಎರವಲು ಒಯ್ದು ತಮ್ಮ ಮಕ್ಕಳನ್ನೂ ಅದರಲ್ಲೇ ತೂಗಿದವರು. ಮಗಳು ಎಣಿಸಿ ಎಣಿಸಿ ಕಟ್ಟು ಕಟ್ಟಿದಳು.

"ಅಮ್ಮ, ಆ ಅರ್ಧ ಹಣದ ಮನೆಗೆ?" ಅಂತ ಕೇಳಿದಳು.

ಕೊಡು ಅಂದೆ. ಇವರಾಗಿದ್ದರೆ ಎಲ್ಲರಿಗೆ ಕೊಟ್ಟಷ್ಟೇ ಕೊಡುತ್ತಿದ್ದರು. ನಾನು ಎರಡು ಅಪ್ಪ ಕಡಿಮೆ ಹಾಕಿಸಿದೆ.