ಪೇಟೆಂಟ್ ಪರೀಕ್ಷೆಯ ವಿಳಂಬ ಮತ್ತು ನಮ್ಮ ಜಿಲ್ಲೆಯ ಸಣ್ಣ ಉದ್ದಿಮೆದಾರರು

ಚಿಕ್ಕಮಗಳೂರಿನ ವರ್ಕ್‌ಶಾಪೊಂದರಲ್ಲಿ ಯಾರಾದರೂ ಕಾಫಿ ಪಲ್ಪರ್‌ನ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ) ಸಿಲಿಂಡರನ್ನು ಕಾಳು ಒಡೆಯದಂತೆ, ನೀರು ಕಡಿಮೆ ಬೇಡುವಂತೆ ಸುಧಾರಿಸಿದರೆ, ಮುಂದಿನ ಕೊಯ್ಲಿನ ಹೊತ್ತಿಗೆ ಅದರ ನಕಲು ಮಾರುಕಟ್ಟೆಗೆ ಬಂದಿರುತ್ತದೆ. ಪೇಟೆಂಟ್ ಮಂಜೂರಾಗುವವರೆಗೆ ಉಲ್ಲಂಘನೆಯ ದಾವೆ ಹೂಡಲು ಕಾನೂನಿನಲ್ಲಿ ಅವಕಾಶವಿಲ್ಲವಾದ್ದರಿಂದ, ಪೇಟೆಂಟ್ ಕಚೇರಿ ಅರ್ಜಿಯನ್ನು ಪರಿಶೀಲಿಸುವ ಈ ಪರೀಕ್ಷೆ ತಡವಾದಷ್ಟೂ ನಷ್ಟ ಅವರದೇ.

ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಪರೀಕ್ಷೆ ಆರಂಭವಾಗುವುದಿಲ್ಲ. ಅದಕ್ಕೆ ನಮೂನೆ 18ರಲ್ಲಿ ಪ್ರತ್ಯೇಕ ಕೋರಿಕೆ ಬೇಕು. 2024ರ ತಿದ್ದುಪಡಿಯ ನಂತರ ಇದರ ಗಡುವು 48 ತಿಂಗಳಿನಿಂದ 31 ತಿಂಗಳಿಗೆ ಇಳಿದಿದೆ. ಆದರೆ ಗಡುವಿನವರೆಗೆ ಕಾಯುವುದೇ ವಿಳಂಬಕ್ಕೆ ಮೊದಲ ಕಾರಣವೆಂದು ನನ್ನ ಅಭಿಪ್ರಾಯ. ನವೋದ್ಯಮಗಳಿಗೆ 2016ರಲ್ಲಿ, ಸಣ್ಣ ಉದ್ದಿಮೆಗಳಿಗೂ ಮಹಿಳಾ ಅರ್ಜಿದಾರರಿಗೂ 2019ರಲ್ಲಿ ತ್ವರಿತ ಪರೀಕ್ಷೆಯ ದಾರಿ ತೆರೆದಿದೆ: ಸಣ್ಣ ಉದ್ದಿಮೆಯಾದರೆ ಅದನ್ನು ತೋರಿಸಲು ಉದ್ಯಮ್ ನೋಂದಣಿ ಪತ್ರದೊಂದಿಗೆ ನಮೂನೆ 28, ಅದರ ಜೊತೆಗೆ ತ್ವರಿತ ಪರೀಕ್ಷೆಯ ಕೋರಿಕೆಯಾದ ನಮೂನೆ 18ಎ, ಅರ್ಜಿಯ ಬೇಗ ಪ್ರಕಟಣೆಗಾಗಿ ನಮೂನೆ 9.

ಸಾಮಾನ್ಯ ಕೋರಿಕೆಗೆ 4,000 ರೂಪಾಯಿ ಕಟ್ಟುವ ಸಣ್ಣ ಉದ್ದಿಮೆ ತ್ವರಿತ ಪರೀಕ್ಷೆಗೆ 8,000 ರೂಪಾಯಿ ಕಟ್ಟಬೇಕಾಗಿರುವುದು ನನಗೆ ನ್ಯಾಯವೆನಿಸುವುದಿಲ್ಲ. ಇದಕ್ಕಿಂತ ಮುಖ್ಯವಾಗಿ, ಹಕ್ಕುಸಾಧನೆಯ ವಾಕ್ಯಗಳು (ಆವಿಷ್ಕಾರದ ಯಾವ ಭಾಗಕ್ಕೆ ಹಕ್ಕು ಕೇಳುತ್ತೇವೆಂದು ಹೇಳುವ ಕ್ಲೇಮ್‌ಗಳು) ಅಸ್ಪಷ್ಟವಾಗಿದ್ದರೆ ಪೇಟೆಂಟ್ ಕಚೇರಿಯಿಂದ ಆಕ್ಷೇಪಣೆ ಬಂದೇ ಬರುತ್ತದೆ, ಉತ್ತರಕ್ಕಿರುವ ಆರು ತಿಂಗಳು ಅದರಲ್ಲೇ ಕಳೆಯುತ್ತದೆ. ಜಿಲ್ಲಾ ಕೈಗಾರಿಕಾ ಕೇಂದ್ರವು ಕರಡು ತಿದ್ದಿಕೊಡುವ ಒಬ್ಬ ಪೇಟೆಂಟ್ ಏಜೆಂಟರನ್ನು ವಾರಕ್ಕೊಂದು ದಿನವಾದರೂ ಒದಗಿಸಬೇಕು.